ಕಣ್ಣಿಲ್ಲದ ಮೀನಿನ ಊರಿನಲ್ಲಿ

ಕೇರಳ ಪ್ರವಾಸ ಎಂದೊಡನೆ ನಿಮ್ಮ ನೆನಪಿಗೆ ಏನು ಬರುತ್ತದೆ? ಆಲಪ್ಪುಝದ ದೋಣಿಮನೆ, ಮುನ್ನಾರಿನ ಚಹಾ ತೋಟ, ಅದಿರಪ್ಪಳ್ಳಿಯ ಜಲಪಾತ, ಕೋಝಿಕ್ಕೋಡಿನ ಹಲ್ವ. ಇವನ್ನೆಲ್ಲ ನೀವು ಕಂಡಿರಬಹುದು, ಇಲ್ಲವೇ ಕಂಡು ಬಂದವರಿಂದ ಕೇಳಿರಬಹುದು. ಆದರೆ ಆ ನಾಡಿನ ಒಂದು ಅದ್ಭುತ ಯಾವ ಪ್ರವಾಸಿಯ ಪಟ್ಟಿಯಲ್ಲೂ ಇರುವುದಿಲ್ಲ. ಅದಕ್ಕೆ ಟಿಕೆಟ್ ಇಲ್ಲ, ದಾರಿ ತೋರಿಸುವ ಫಲಕವಿಲ್ಲ. ನೀವು ಅಲ್ಲಿ ಯಾರದೋ ಮನೆಯ ಅಂಗಳದಲ್ಲಿ ನಿಂತು ಚಹಾ ಕುಡಿಯುತ್ತಿರುವಾಗ ಅದು ನಿಮ್ಮ ಕಾಲಿನ ಕೆಳಗೆ, ಕೆಂಪು ಕಲ್ಲಿನ ತೂತುಗಳೊಳಗೆ, ಗವ್ವೆನ್ನುವ ಕತ್ತಲಲ್ಲಿ ಈಜುತ್ತಿರುತ್ತದೆ. ಕಿರುಬೆರಳಿಗಿಂತಲೂ ಚಿಕ್ಕದಾದ ಒಂದು ಮೀನು. ಅದಕ್ಕೆ ಕಣ್ಣಿಲ್ಲ, ಮೈಗೆ ಬಣ್ಣವೂ ಇಲ್ಲ.

ಈ ಮೀನಿನ ಕುಲಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಹೊರಾಗ್ಲಾನಿಸ್. ಮಲಯಾಳಿಗಳು ಕುರುಡನ್ ಮುಷಿ ಎನ್ನುತ್ತಾರೆ. ಪ್ರಪಂಚದಲ್ಲಿ ಇದು ಇರುವುದು ಕೇರಳದಲ್ಲಿ ಮಾತ್ರ. ಬನ್ನಿ, ಒಮ್ಮೆ ಅದರ ಊರಿಗೆ ಹೋಗಿ ಬರೋಣ.

ಕೆಂಪು ಕಲ್ಲಿನ ದಾರಿ

ಮಂಗಳೂರಿನಿಂದ ದಕ್ಷಿಣಕ್ಕೆ ಹೋಗುವ ಯಾವುದಾದರೂ ಹಗಲು ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತುಕೊಳ್ಳಿ. ಕಾಸರಗೋಡು, ಕಣ್ಣೂರು, ಕೋಝಿಕ್ಕೋಡು, ತಿರೂರು. ಹಳಿ ಹಾಕಲೆಂದು ಗುಡ್ಡ ಕಡಿದ ಕಡೆಯಲ್ಲೆಲ್ಲ ನಿಮಗೆ ಕಾಣುವುದು ಒಂದೇ ಬಣ್ಣ. ಅದು ನಮ್ಮ ಕರಾವಳಿಯವರಿಗೆ ಚಿರಪರಿಚಿತವಾದ ಕೆಂಪು ಕಲ್ಲು, ಮುರಕಲ್ಲು. ನಮ್ಮ ಮನೆಗಳ ಗೋಡೆ ಅದರದ್ದು, ಶಾಲೆಯ ಕಾಂಪೌಂಡು ಅದರದ್ದು, ನಮ್ಮ ಪದವುಗಳೂ ಅವೇ. ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವುದು ಈ ಕಲ್ಲಿನ ಗುಣ. 1800ರ ಸುಮಾರಿಗೆ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ಬ್ರಿಟಿಷ್ ವೈದ್ಯ, ಈಗಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರಂನಲ್ಲಿ ಜನ ಇದನ್ನು ಇಟ್ಟಿಗೆಯಂತೆ ಕಡಿಯುವುದನ್ನು ನೋಡಿ, ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗಿರುವ ಪದದಿಂದಲೇ ಲ್ಯಾಟರೈಟ್ ಎಂದು ಹೆಸರಿಟ್ಟ. 1807ರಲ್ಲಿ ಅಚ್ಚಾದ ಅವನ ಪುಸ್ತಕದ ಮೂಲಕ ಆ ಹೆಸರು ಜಗತ್ತಿಗೆಲ್ಲ ಹಬ್ಬಿತು.

ಒಂದು ಕೆಂಪು ಕಲ್ಲನ್ನು ಕೈಗೆತ್ತಿಕೊಂಡು ನೋಡಿ. ಅದರ ತುಂಬ ತೂತುಗಳು. ಕೆಲವು ಅಕ್ಕಿಕಾಳು ಹೋಗುವಷ್ಟು, ಕೆಲವು ಬೆರಳು ತೂರುವಷ್ಟು. ನೆಲದೊಳಗೆ ಈ ತೂತುಗಳು ಒಂದಕ್ಕೊಂದು ಸೇರಿಕೊಂಡು ಸಣ್ಣ ಸಣ್ಣ ಕೊಳವೆಗಳಾಗಿರುತ್ತವೆ. ಮುಂಗಾರಿನ ಮಳೆ ಈ ಕಲ್ಲಿನೊಳಗೆ ಸ್ಪಂಜಿಗೆ ಇಳಿದಂತೆ ಇಳಿಯುತ್ತದೆ. ಕೆಂಪು ಕಲ್ಲಿನ ಕೆಳಗೆ ನಾವು ಶೇಡಿ ಮಣ್ಣು ಎನ್ನುವ ಜಿಗುಟು ಮಣ್ಣಿನ ಪದರ. ನೀರು ಅದನ್ನು ದಾಟಿ ಸುಲಭವಾಗಿ ಕೆಳಗಿಳಿಯಲಾರದೆ, ಕಲ್ಲಿನ ಕೊಳವೆಗಳಲ್ಲೇ ನಿಂತು ಅಡ್ಡಕ್ಕೆ ಹರಿಯುತ್ತದೆ. ಬಾವಿ ತೋಡುವವರು ಹುಡುಕುವ ಒರತೆ ಇದೇ. ನಮ್ಮ ಮೀನಿನ ಮನೆಯೂ ಇದೇ.

ಶೊರನೂರಿನ ಬಳಿ ರೈಲು ಭಾರತಪ್ಪುಝವನ್ನು ದಾಟುವಾಗ ಸ್ವಲ್ಪ ಗಮನವಿರಲಿ. ಪೂರ್ವದಲ್ಲಿ ಪಶ್ಚಿಮ ಘಟ್ಟದ ಸಾಲು ತುಂಡಾಗಿ ಪಾಲಕ್ಕಾಡಿನ ದೊಡ್ಡ ಕಿಂಡಿ ತೆರೆದುಕೊಳ್ಳುತ್ತದೆ. ಆ ಕಿಂಡಿಯಿಂದ ಹರಿದು ಬರುವ ನದಿಯಿದು. ಹೊರಾಗ್ಲಾನಿಸ್ ಇದುವರೆಗೆ ಸಿಕ್ಕಿರುವುದೆಲ್ಲ ಈ ಕಿಂಡಿಯಿಂದ ದಕ್ಷಿಣಕ್ಕೆ. ಉತ್ತರದಲ್ಲಿ ಅದೇ ಮಳೆ, ಅದೇ ಕಲ್ಲು, ಅಂಥದೇ ಬಾವಿ. ಆದರೂ ನದಿ ದಾಟಿದ ಮೇಲೆಯೇ ನೀವು ಆ ಮೀನಿನ ನಾಡಿಗೆ ಕಾಲಿಟ್ಟಂತೆ.

ಮನೆಗೊಂದು ಬಾವಿ

ತ್ರಿಶೂರು ಜಿಲ್ಲೆಯ ಇರಿಂಜಾಲಕುಡ ರೈಲು ನಿಲ್ದಾಣದಲ್ಲಿ ಇಳಿದು ಪೇಟೆಯ ಕಡೆಗೆ ಹೊರಟರೆ ದಾರಿಯುದ್ದಕ್ಕೂ ತೆಂಗು, ಕಂಗು, ಹಲಸು, ಅವುಗಳ ನಡುವೆ ಮನೆಗಳು. ಮನೆಯಿದ್ದಲ್ಲಿ ಬಾವಿ. ಮಸೀದಿ, ದೇವಸ್ಥಾನ, ಚರ್ಚು, ಶಾಲೆಗಳಲ್ಲೂ ಬಾವಿ. ಕೇರಳದ ಕರಾವಳಿ ಭಾಗದಲ್ಲಿ ಚದರ ಕಿಲೋಮೀಟರಿಗೆ ಸುಮಾರು 200, ಅದಕ್ಕಿಂತ ಒಳಗಿನ ದಿಣ್ಣೆ ಪ್ರದೇಶದಲ್ಲಿ ಸುಮಾರು 150 ತೆರೆದ ಬಾವಿಗಳಿವೆ ಎಂಬುದು ಅಲ್ಲಿನ ಲೆಕ್ಕ. ಇಷ್ಟು ಒತ್ತೊತ್ತಾಗಿ ಬಾವಿಗಳಿರುವ ಪ್ರದೇಶ ಪ್ರಪಂಚದಲ್ಲೇ ಅಪರೂಪ.

ಬೇಸಿಗೆ ರಜೆಯಲ್ಲೊಮ್ಮೆ ಈ ಕಡೆಯ ಪರಿಚಿತರೊಬ್ಬರ ಮನೆಯಲ್ಲಿ ನಾನಿದ್ದಾಗ ಬಾವಿ ಶುದ್ಧ ಮಾಡುವ ಕೆಲಸ ನಡೆಯಿತು. ಮಳೆಗಾಲಕ್ಕೆ ಮುಂಚೆ, ನೀರು ತೀರಾ ಇಳಿದಿರುವಾಗ ಮಾಡುವ ಕೆಲಸವಿದು. ಇಬ್ಬರು ಒಳಗಿಳಿದು ಹೂಳು ತುಂಬಿ ಕೊಡುತ್ತಿದ್ದರು, ಮೇಲಿದ್ದವರು ರಾಟೆಯಲ್ಲಿ ಬಕೆಟ್ ಎಳೆದು ತೆಂಗಿನ ಬುಡಕ್ಕೆ ಸುರಿಯುತ್ತಿದ್ದರು. ಪ್ರತಿ ಬಕೆಟನ್ನೂ ನಾನು ಬಗ್ಗಿ ನೋಡುವುದನ್ನು ಕಂಡು ಮನೆಯ ಉಮ್ಮುಮ್ಮ ನಕ್ಕರು.

"ಏನು ಹುಡುಕ್ತಾ ಇದ್ದೀ ಮೋನೇ, ಚಿನ್ನವಾ?"

"ಕಣ್ಣಿಲ್ಲದ ಮೀನು ಉಮ್ಮುಮ್ಮ."

ಅವರು ಸ್ವಲ್ಪ ಹೊತ್ತು ಯೋಚಿಸಿದರು. "ನಾನು ಮದುವೆಯಾಗಿ ಬಂದ ಹೊಸತರಲ್ಲಿ ಕೊಡಪಾನದಲ್ಲಿ ಒಮ್ಮೊಮ್ಮೆ ಕೆಂಪಗೆ ಹುಳದ ಹಾಗಿನದ್ದು ಬರ್ತಿತ್ತು. ಚೆಲ್ಲಿ ಬೇರೆ ನೀರು ಸೇದುತ್ತಿದ್ದೆವು. ಮೀನು ಅಂತ ಯಾರಿಗೆ ಗೊತ್ತು? ಈಗ ಮಗ ಮೋಟಾರು ಹಾಕಿಸಿದ್ದಾನೆ. ನಳ್ಳಿ ತಿರುಗಿಸಿದರೆ ನೀರು. ಬಾವಿಯೊಳಗೆ ಇಣುಕಿ ಎಷ್ಟು ಕಾಲವಾಯಿತೋ!"

ಮಧ್ಯಾಹ್ನದವರೆಗೂ ನೋಡಿದೆ. ಕಪ್ಪೆ ಬಂತು, ಮಕ್ಕಳು ಬೀಳಿಸಿದ್ದ ಚೆಂಡು ಬಂತು, ಒಂದು ಸ್ಟೀಲ್ ಲೋಟವೂ ಬಂತು. ಮೀನು ಬರಲಿಲ್ಲ. ಬರುವುದು ಅಷ್ಟು ಅಪರೂಪ. ಆದರೆ ಉಮ್ಮುಮ್ಮನ ಆ ಕೊನೆಯ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಏಕೆಂದು ಮುಂದೆ ಹೇಳುತ್ತೇನೆ.

ನೋಡಲು ಹೇಗಿದೆ?

ಮೊದಲ ಮಳೆಗೆ ತೋಡಿನಿಂದ ಗದ್ದೆಗೆ ಹತ್ತಿ ಬರುವ ಮುಗುಡು ಮೀನನ್ನು ನೀವು ಬಲ್ಲಿರಿ. ಬಾಯಿಯ ಸುತ್ತ ಬೆಕ್ಕಿನಂತೆ ಮೀಸೆ, ನುಣುಪು ಮೈ. ಹೊರಾಗ್ಲಾನಿಸ್ ಆ ಮುಗುಡಿನ ಬಂಧು, ಒಂದೇ ಕುಟುಂಬಕ್ಕೆ ಸೇರಿದ್ದು. ಆದರೆ ಅದರ ಉದ್ದ ಮೂರು–ನಾಲ್ಕು ಸೆಂಟಿಮೀಟರ್ ಅಷ್ಟೇ. ಕಣ್ಣು ಇರಬೇಕಾದ ಜಾಗದಲ್ಲಿ ಬರಿಯ ಚರ್ಮ. ಮೈಯಲ್ಲಿ ಬಣ್ಣದ ಕಣಗಳಿಲ್ಲದ ಕಾರಣ ಒಳಗಿನ ರಕ್ತ ಹೊರಗೆ ಕಂಡು ಇಡೀ ಮೀನು ನಸುಗೆಂಪಾಗಿ ತೋರುತ್ತದೆ. ಉಮ್ಮುಮ್ಮ ಕೆಂಪು ಹುಳ ಎಂದದ್ದು ಇದಕ್ಕೇ ಇರಬೇಕು. ಬಾಯಿಯ ಸುತ್ತ ನಾಲ್ಕು ಜೊತೆ ಮೀಸೆಗಳು. ಕತ್ತಲಲ್ಲಿ ನಾವು ಗೋಡೆ ತಡವಿ ನಡೆಯುವ ಹಾಗೆ ಅದು ಮೀಸೆಗಳಿಂದಲೇ ಜಗತ್ತನ್ನು ತಿಳಿಯುತ್ತದೆ.

ಕಣ್ಣು ಏಕಿಲ್ಲ? ವಿಜ್ಞಾನಿಗಳು ಕೊಡುವ ವಿವರಣೆ ಸರಳವಾಗಿದೆ. ಕಣ್ಣು ದುಬಾರಿ ಅಂಗ. ಅದನ್ನೂ, ಅದು ತಂದ ಸುದ್ದಿಯನ್ನು ಅರ್ಥಮಾಡಿಕೊಳ್ಳುವ ಮೆದುಳಿನ ಭಾಗವನ್ನೂ ಸಾಕಲು ದೇಹ ನಿರಂತರವಾಗಿ ಶಕ್ತಿ ಖರ್ಚು ಮಾಡಬೇಕು. ಮೆಕ್ಸಿಕೋ ದೇಶದಲ್ಲಿ ಒಂದು ಮೀನಿದೆ. ಹೊಳೆಯಲ್ಲಿರುವ ಅದರ ಬಳಗಕ್ಕೆ ಕಣ್ಣಿದೆ, ಗುಹೆಯಲ್ಲಿರುವ ಅದೇ ಜಾತಿಯ ಬಳಗಕ್ಕೆ ಇಲ್ಲ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ನೋಡುವ ವ್ಯವಸ್ಥೆಗಾಗಿಯೇ ಆ ಮೀನು ವಿಶ್ರಾಂತಿಯಲ್ಲಿರುವಾಗ ಬಳಸುವ ಶಕ್ತಿಯ ಶೇಕಡಾ 5ರಿಂದ 15ರಷ್ಟು ವ್ಯಯವಾಗುತ್ತದೆ, ಮೀನು ಚಿಕ್ಕದಾದಷ್ಟೂ ಈ ಪಾಲು ಹೆಚ್ಚು ಎಂದು ತೋರಿಸಿತು. ಬೆಳಕೇ ಇಲ್ಲದ, ಗಿಡ ಪಾಚಿಗಳು ಬೆಳೆಯದ, ಮೇಲಿನಿಂದ ಸೋರಿ ಬಂದಷ್ಟೇ ಆಹಾರ ಸಿಗುವ ಜಾಗದಲ್ಲಿ ಅಂಥ ಖರ್ಚು ಯಾರಿಗೆ ಬೇಕು? ತಲೆಮಾರುಗಳು ಉರುಳಿದಂತೆ ಕಣ್ಣು ಮರೆಯಾಗುತ್ತದೆ, ಬಣ್ಣವೂ ಹೋಗುತ್ತದೆ.

ಹಾಗಾಗಿ ಇದನ್ನು ಕುರುಡು ಎಂದು ಕರೆಯುವಾಗ ಅದರಲ್ಲಿ ಕನಿಕರ ಬೇಡ. ಅದಕ್ಕೆ ಏನೂ ಕೊರತೆಯಿಲ್ಲ. ತಾನಿರುವ ಜಾಗಕ್ಕೆ ಬೇಕಾದುದೆಲ್ಲ ಅದಕ್ಕಿದೆ. ಕಣ್ಣಿರುವ ನಾವು ಆ ಕಲ್ಲಿನ ಕೊಳವೆಯೊಳಗೆ ಒಂದು ಗೇಣು ದೂರವನ್ನೂ ನೋಡಲಾರೆವು.

ಹೆಸರುಗಳ ಕಥೆ

ಈ ಮೀನನ್ನು ವಿಜ್ಞಾನ ಲೋಕಕ್ಕೆ ಮೊದಲು ಪರಿಚಯಿಸಿದವರು ಎ.ಜಿ.ಕೆ. ಮೆನನ್, 1950ರಲ್ಲಿ. ಕೋಟ್ಟಯಂನ ಬಾವಿಯಲ್ಲಿ ಸಿಕ್ಕಿದ ಮೀನದು. ಆಗ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ, ಮೀನುಗಳ ಬಗ್ಗೆ ದೊಡ್ಡ ವಿದ್ವಾಂಸರಾಗಿದ್ದ ಸುಂದರ್ ಲಾಲ್ ಹೋರಾ ಅವರ ಹೆಸರಿನಿಂದ ಹೊರಾಗ್ಲಾನಿಸ್ ಎಂಬ ಕುಲನಾಮ ಬಂತು. ಮೀನಿನ ಪೂರ್ತಿ ಹೆಸರು ಹೊರಾಗ್ಲಾನಿಸ್ ಕೃಷ್ಣೈ. ಮುಂದೆ ಅರ್ಧ ಶತಮಾನದವರೆಗೂ ಇದೊಂದೇ ಜಾತಿ ಎಂದು ತಿಳಿಯಲಾಗಿತ್ತು.

2004ರಲ್ಲಿ ತ್ರಿಶೂರು ಜಿಲ್ಲೆಯ ಪರಪ್ಪೂಕರದಿಂದ ಎರಡನೆಯದು ಬಂತು. ಅದರ ಹೆಸರು ಹೊರಾಗ್ಲಾನಿಸ್ ಅಲಿಕುಂಞಿ. ಕೆ.ಎಚ್. ಅಲಿಕುಂಞಿ ಎಂಬ ಮೀನು ವಿಜ್ಞಾನಿಯ ಗೌರವಾರ್ಥ ಇಟ್ಟ ಹೆಸರಿದು. ಇವರ ಬಗ್ಗೆ ನಮ್ಮ ಮಕ್ಕಳಿಗೆ ಹೇಳಲೇಬೇಕು. 1957ರಲ್ಲಿ ಇವರೂ ಹೀರಾಲಾಲ್ ಚೌಧುರಿಯವರೂ ಸೇರಿ, ಕೆರೆಯಲ್ಲಿ ಮರಿ ಮಾಡದ ನಮ್ಮ ಗೆಂಡೆ ಜಾತಿಯ ಮೀನುಗಳಿಗೆ ಚುಚ್ಚುಮದ್ದು ಕೊಟ್ಟು ಮೊಟ್ಟೆ ಇಡಿಸುವ ವಿಧಾನವನ್ನು ಸಾಧಿಸಿದರು. ಇಂದು ದೇಶದ ಕೆರೆಗಳಲ್ಲಿ ಬೆಳೆಸುವ ಕಾಟ್ಲಾ, ರೋಹು ಮೀನುಗಳ ಮರಿಗಳು ಹೆಚ್ಚಾಗಿ ಆ ದಾರಿಯಲ್ಲೇ ಹುಟ್ಟುತ್ತವೆ. ಲಕ್ಷಾಂತರ ಮನೆಗಳ ಊಟಕ್ಕೆ ಕಾರಣರಾದ ವಿದ್ವಾಂಸರ ಹೆಸರು ಯಾರೂ ತಿನ್ನದ ಒಂದು ಪುಟ್ಟ ಮೀನಿನಲ್ಲೂ ಉಳಿದಿದೆ.

2012ರಲ್ಲಿ ಇರಿಂಜಾಲಕುಡದಿಂದ ಮೂರನೆಯದು. ಅದಕ್ಕೆ ನಮ್ಮ ಮಾಜಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರ ಹೆಸರು: ಹೊರಾಗ್ಲಾನಿಸ್ ಅಬ್ದುಲ್‌ಕಲಾಮಿ. ಕಲಾಂ ಅವರು ತೀರಿಕೊಂಡದ್ದು 2015ರಲ್ಲಿ. ಆಕಾಶಕ್ಕೆ ರಾಕೆಟ್ ಹಾರಿಸಿದವರ ಹೆಸರು ಅವರು ಬದುಕಿರುವಾಗಲೇ ನೆಲದಡಿಯ ಕತ್ತಲಿನ ಜೀವಿಗೂ ಸಂದಿತು.

ನಾಲ್ಕನೆಯ ಹೆಸರು ಎಲ್ಲಕ್ಕಿಂತ ವಿಶೇಷವಾದುದು. 2023ರಲ್ಲಿ ಪ್ರಕಟವಾದ ಆ ಜಾತಿಯ ಹೆಸರು ಹೊರಾಗ್ಲಾನಿಸ್ ಪಾಪ್ಯುಲಿ. ಪಾಪ್ಯುಲಿ ಎಂದರೆ ಲ್ಯಾಟಿನ್ ಭಾಷೆಯಲ್ಲಿ 'ಜನರ'. ಯಾವ ಜನ ಎಂದು ಕೇಳುತ್ತೀರಾ?

ಬಕೆಟ್ ಹಿಡಿದವರೇ ಸಂಶೋಧಕರು

ಮೇಘಾಲಯದ ಜೈಂತಿಯಾ ಬೆಟ್ಟಗಳ ಗುಹೆಯಲ್ಲೂ ಕಣ್ಣು ಕುಗ್ಗಿದ ಮೀನುಗಳಿವೆ. ಆದರೆ ಗುಹೆಯೊಳಗೆ ವಿಜ್ಞಾನಿ ಹಗ್ಗ ಹಿಡಿದು ಇಳಿಯಬಹುದು, ಟಾರ್ಚ್ ಹಾಕಿ ಹುಡುಕಬಹುದು. ಕೆಂಪು ಕಲ್ಲಿನ ತೂತಿನೊಳಗೆ ಯಾರು ಇಳಿಯಬಲ್ಲರು? ಮೀನು ತಾನಾಗಿ ಬಾವಿಗೆ ಬರಬೇಕು, ಅಲ್ಲಿಂದ ಬಕೆಟಿಗೋ ಪಂಪಿನ ಪೈಪಿಗೋ ಸಿಕ್ಕಬೇಕು, ಆ ಹೊತ್ತಿನಲ್ಲಿ ಯಾರಾದರೂ ಅದನ್ನು ನೋಡಬೇಕು, ನೋಡಿದವರು ಚೆಲ್ಲದೆ ಉಳಿಸಬೇಕು. ಹೊಸ ಬಾವಿ ತೋಡುವಾಗ, ಹಳೆ ಬಾವಿ ಶುದ್ಧ ಮಾಡುವಾಗ ಮಾತ್ರ ಈ ಅವಕಾಶ.

ಆದ್ದರಿಂದ ಕೊಚ್ಚಿಯಲ್ಲಿರುವ ಕೇರಳ ಮೀನುಗಾರಿಕೆ ಮತ್ತು ಸಾಗರ ಅಧ್ಯಯನ ವಿಶ್ವವಿದ್ಯಾಲಯದ ರಾಜೀವ್ ರಾಘವನ್ ಮತ್ತು ಅವರ ಸಂಗಡಿಗರು ಜನರ ಬಳಿಗೇ ಹೋದರು. ಮೀನಿನ ಚಿತ್ರ ತೋರಿಸಿದರು, ಕಂಡರೆ ಫೋಟೊ ತೆಗೆದು ತಿಳಿಸಿ ಎಂದರು. ಆರು ವರ್ಷ ಈ ಹುಡುಕಾಟ ನಡೆಯಿತು. ಬಾವಿ ತೋಡುವವರು, ಗೃಹಿಣಿಯರು, ಶಾಲಾ ಮಕ್ಕಳು, ಹೀಗೆ ಯಾರ ಕಣ್ಣಿಗೆ ಬಿದ್ದರೂ ಅದು ಸುದ್ದಿಯೇ. 47 ಹೊಸ ಜಾಗಗಳಲ್ಲಿ ಈ ಮೀನು ಇರುವುದು ಗೊತ್ತಾಯಿತು. ಡಿಎನ್‌ಎ ಪರೀಕ್ಷಿಸಿದಾಗ ಇನ್ನೊಂದು ಆಶ್ಚರ್ಯ ಕಾದಿತ್ತು. ಹೊರನೋಟಕ್ಕೆ ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇದ್ದರೂ ಒಳಗಿನ ವಂಶವಾಹಿ ಬೇರೆ ಬೇರೆ. ಜಾತಿಯಿಂದ ಜಾತಿಗೆ ದೊಡ್ಡ ವ್ಯತ್ಯಾಸವಿತ್ತು. ಹೀಗೆ ಬೇರೆಯೆಂದು ತಿಳಿದುಬಂದ ನಾಲ್ಕನೆಯ ಜಾತಿಗೆ ಅವರು ತಮ್ಮ ಹೆಸರನ್ನಾಗಲಿ ಗುರುಗಳ ಹೆಸರನ್ನಾಗಲಿ ಇಡಲಿಲ್ಲ. ಬಾವಿಕಟ್ಟೆಯ ಆ ಜನರದ್ದೇ ಇಟ್ಟರು.

ಕತ್ತಲಿನ ಈ ಲೋಕದಲ್ಲಿ ಹೊರಾಗ್ಲಾನಿಸ್ ಒಂಟಿಯಲ್ಲ. ತ್ರಿಶೂರು ಜಿಲ್ಲೆಯಲ್ಲೇ 2011ರಲ್ಲಿ ವಿವರಿಸಲಾದ ಕ್ರಿಪ್ಟೋಗ್ಲಾನಿಸ್ ಎಂಬ ಇನ್ನೊಂದು ಮೀಸೆ ಮೀನಿದೆ. ಅದಕ್ಕೆ ಕಣ್ಣುಂಟು, ಆದರೆ ಚರ್ಮದ ಪರದೆಯ ಹಿಂದೆ. 2018ರ ಆಗಸ್ಟ್ ತಿಂಗಳ ಮಹಾಪ್ರವಾಹದ ಹೊತ್ತಿನಲ್ಲಿ ಮಲಪ್ಪುರಂ ಜಿಲ್ಲೆಯ ಗದ್ದೆಯೊಂದರಲ್ಲಿ ಹಾವಿನಂಥ ವಿಚಿತ್ರ ಮೀನು ಕಂಡ ಯುವಕನೊಬ್ಬ ಅದರ ಚಿತ್ರವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಿದ. ಅದರಿಂದಾಗಿ ಏನಿಗ್ಮಚನ್ನಾ ಎಂಬ ಹೊಸ ಕುಲವೇ ಪತ್ತೆಯಾಯಿತು. ಅದರ ವಂಶ ಹತ್ತು ಕೋಟಿ ವರ್ಷಗಳಿಗೂ ಹಳೆಯದು ಎಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ. 2020ರಲ್ಲಿ ಚೆಂಗನ್ನೂರಿನ ಗೃಹಸ್ಥರೊಬ್ಬರು ಸ್ನಾನಕ್ಕೆ ನಿಂತಾಗ ಶವರಿನ ನೀರಿನೊಂದಿಗೆ ಕೆಂಪು ದಾರದಂಥ ಮೀನು ಬಿತ್ತು. ಅವರು ಅದನ್ನು ಉಳಿಸಿ ವಿಜ್ಞಾನಿಗಳಿಗೆ ಒಪ್ಪಿಸಿದರು. 2022ರಲ್ಲಿ ಅದಕ್ಕೆ ಪಾಂಜಿಯೊ ಪಾತಾಳ ಎಂಬ ಹೆಸರಾಯಿತು.

ಬಾವಿ ಮುಚ್ಚಿದರೆ

ಈಗ ಉಮ್ಮುಮ್ಮನ ಮಾತಿಗೆ ಬರೋಣ. ಬಾವಿಯೊಳಗೆ ಇಣುಕಿ ಎಷ್ಟು ಕಾಲವಾಯಿತೋ ಎಂದರಲ್ಲ, ಅದು ಅವರೊಬ್ಬರ ಮಾತಲ್ಲ. ಮೋಟಾರು ಬಂದ ಮೇಲೆ ರಾಟೆ ಇಳಿಯಿತು. ಕೊಳವೆಬಾವಿ ಬಂದ ಮೇಲೆ ಕೆಲವರು ಬಾವಿಯನ್ನು ಕಸ ಸುರಿಯುವ ಗುಂಡಿ ಮಾಡಿದರು, ಕೆಲವರು ಮಣ್ಣು ತುಂಬಿ ಮೇಲೆ ವಾಹನ ನಿಲ್ಲಿಸುವ ಜಾಗ ಮಾಡಿಕೊಂಡರು. ಕೆಂಪು ಕಲ್ಲಿನ ಕೋರೆಗಳು ಗುಡ್ಡಗಳನ್ನೇ ಕಡಿದು ಸಾಗಿಸುತ್ತಿವೆ. ಕಡಿದ ಪ್ರತಿ ಕಲ್ಲಿನಲ್ಲೂ ಮಳೆನೀರು ಇಳಿಯುವ ದಾರಿಗಳಿದ್ದವು. ಗುಡ್ಡ ಹೋದರೆ ಅದರ ತಪ್ಪಲಿನ ಬಾವಿಗಳೂ ಬೇಸಿಗೆಗೆ ಮುಂಚೆಯೇ ಬತ್ತುತ್ತವೆ. ಸೊಳ್ಳೆಮರಿ ತಿನ್ನಲೆಂದು ಬಾವಿಗೆ ಬಿಡುವ ಹೊರಗಿನ ಮೀನುಗಳು, ಶೌಚದ ಗುಂಡಿಯಿಂದ ಸೋರುವ ಕೊಳೆ, ತೋಟಕ್ಕೆ ಹೊಡೆಯುವ ವಿಷ, ಎಲ್ಲವೂ ಕೊನೆಗೆ ಇಳಿಯುವುದು ಅದೇ ಒರತೆಗೆ.

ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿನ ಮಾತೂ ಬರುತ್ತದೆ. ಅದರ ಕ್ಲೋರಿನ್ ಮೀನಿಗೆ ವಿಷ. ಆದರೆ ನೆರೆ ಬಂದು ಹೋದ ಮೇಲೆ, ರೋಗ ಹರಡುವಾಗ ಅದು ಬೇಕೇ ಬೇಕು. ಮನುಷ್ಯನ ಜೀವ ಮೊದಲು. ಆರೋಗ್ಯ ಇಲಾಖೆ ಹೇಳಿದ ಅಳತೆಯಲ್ಲಿ ಹಾಕುವುದು ಒಂದು, ಇರಲಿ ಎಂದು ಕೈಗೆ ಬಂದಷ್ಟು ಸುರಿಯುವುದು ಇನ್ನೊಂದು. ಬಾವಿಯನ್ನು ಮೊದಲೇ ಶುದ್ಧವಾಗಿಟ್ಟುಕೊಂಡರೆ, ಶೌಚದ ಗುಂಡಿಯನ್ನು ದೂರ ಕಟ್ಟಿದರೆ ಆ ಪುಡಿಯ ಅಗತ್ಯವೂ ಕಡಿಮೆಯಾಗುತ್ತದೆ.

ಇಷ್ಟು ಚಿಕ್ಕ ಮೀನು ಇದ್ದರೇನು ಹೋದರೇನು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದನ್ನು ಯಾರೂ ತಿನ್ನುವುದಿಲ್ಲ, ಮಾರುವುದೂ ಇಲ್ಲ. ಆದರೆ ಆ ಮೀನು ಉಸಿರಾಡುವ ನೀರನ್ನೇ ಆ ಮನೆಯ ಮಗು ಕುಡಿಯುತ್ತದೆ. ಎರಡಕ್ಕೂ ಬೇರೆ ನೀರಿಲ್ಲ. ಒರತೆಗೆ ವಿಷ ಇಳಿದರೆ ಮೊದಲು ಸಾಯುವುದು ಮೀನು, ಯಾರಿಗೂ ಗೊತ್ತಾಗದಂತೆ. ಅದರ ನಂತರದ ಸರದಿ ಯಾರದೆಂದು ಹೇಳಬೇಕಾಗಿಲ್ಲ. ಒಂದೊಂದು ಪ್ರದೇಶದ ಮೀನಿನ ವಂಶವಾಹಿಯೂ ಬೇರೆ ಬೇರೆ ಎಂದು ತಿಳಿದ ಮೇಲೆ, ಒಂದು ಕಡೆ ಹೋದರೆ ಇನ್ನೊಂದು ಕಡೆಯಿಂದ ತಂದು ತುಂಬಿಸೋಣ ಎನ್ನುವಂತೆಯೂ ಇಲ್ಲ.

ನಮ್ಮ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳೂ ಅದೇ ಕೆಂಪು ಕಲ್ಲಿನ ಮೇಲೆ ಕುಳಿತಿವೆ. ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಸುರಂಗ ಕೊರೆದು, ಒರತೆಯ ನೀರನ್ನು ಹನಿಹನಿಯಾಗಿ ಅಂಗಳಕ್ಕೆ ಇಳಿಸಿಕೊಂಡ ಹಿರಿಯರ ಊರುಗಳಿವು. ನೀರು ಎಲ್ಲಿಂದ ಬರುತ್ತದೆಂದು ಅವರು ಬಲ್ಲವರಾಗಿದ್ದರು. ನಳ್ಳಿ ತಿರುಗಿಸಿದರೆ ನೀರು ಬರುತ್ತದೆ ಎಂದಷ್ಟೇ ತಿಳಿದು ನಮ್ಮ ಮಕ್ಕಳು ಬೆಳೆಯಬಾರದು.

ಕೇರಳದ ಆ ಭಾಗದಲ್ಲಿ ನಿಮ್ಮ ನಂಟರಿದ್ದರೆ ಈ ಮೀನಿನ ವಿಷಯ ಅವರಿಗೆ ತಿಳಿಸಿ. ಬಕೆಟಿನಲ್ಲಿ ಕೆಂಪಗಿನ ಪುಟ್ಟ ಜೀವ ಕಂಡರೆ ಅದೇ ಬಾವಿಯ ನೀರಿನಲ್ಲಿ, ನೆರಳಿನಲ್ಲಿಟ್ಟು, ಒಂದು ಫೋಟೊ ತೆಗೆದು ಮೀನುಗಾರಿಕೆ ವಿಶ್ವವಿದ್ಯಾಲಯಕ್ಕೆ ಸುದ್ದಿ ಮುಟ್ಟಿಸಲು ಹೇಳಿ. ನಿಮ್ಮ ಮನೆಯ ಬಾವಿಯನ್ನು ಬಳಸದಿದ್ದರೂ ಮುಚ್ಚಬೇಡಿ, ಕಟ್ಟೆ ಭದ್ರ ಮಾಡಿ, ಮೇಲೆ ಬಲೆ ಹಾಸಿ, ಮಳೆನೀರು ಇಂಗಲು ಬಿಡಿ. ಮುಂದಿನ ಬೇಸಿಗೆಯಲ್ಲಿ ಬಾವಿ ಶುದ್ಧ ಮಾಡಿಸುವಾಗ ಮಕ್ಕಳನ್ನು ದೂರ ಓಡಿಸದೆ, ಕಟ್ಟೆಯಿಂದ ಆಚೆ ಸುರಕ್ಷಿತವಾಗಿ ಕೂರಿಸಿ. ಮೇಲೆ ಬಂದ ಬಕೆಟನ್ನು ತೆಂಗಿನ ಬುಡಕ್ಕೆ ಸುರಿಯುವ ಮೊದಲು ಒಮ್ಮೆ ಅವರ ಮುಂದೆ ಇಡಿ.